1901ರ ಬ್ರಿಟನ್ ಜನಗಣತಿ: ಹಡಗಿನಲ್ಲಿದ್ದ ಮುತ್ತಜ್ಜನ ಹೆಸರು ಎಲ್ಲಿಯೂ ಸಿಗುತ್ತಿಲ್ಲ, ದಯವಿಟ್ಟು ದಾರಿ ತೋರಿಸಿ

ಕಾಳಿತೀರ ಬರೆದದ್ದು:

ಹುಡುಕಿ ಹುಡುಕಿ ಸಾಕಾಗಿದೆ. ನನ್ನ ಮುತ್ತಜ್ಜ ಹಡಗಿನಲ್ಲಿ ಕೆಲಸಕ್ಕಿದ್ದರು. ರಾಣಿ ತೀರಿಕೊಂಡ ವರ್ಷ ಅವರು ವಿಲಾಯತಿಯಲ್ಲಿದ್ದರು ಎಂದು ನಮ್ಮ ಮನೆಯ ಹಿರಿಯರೆಲ್ಲ ಹೇಳುತ್ತ ಬಂದಿದ್ದಾರೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿ 22ರಂದು. ಅಲ್ಲಿನ ಜನಗಣತಿ ನಡೆದದ್ದು ಅದೇ ವರ್ಷದ ಮಾರ್ಚ್ 31ರ ರಾತ್ರಿ. ಬಂದರಿನಲ್ಲಿ ನಿಂತ ಹಡಗುಗಳಲ್ಲಿದ್ದವರನ್ನೂ ಆ ರಾತ್ರಿ ಎಣಿಸಿದ್ದಾರೆ. ಹಾಗಿದ್ದ ಮೇಲೆ ಅವರ ಹೆಸರು ಇರಲೇಬೇಕಲ್ಲವೇ?

ಹಣ ಕಟ್ಟಿ ಸದಸ್ಯತ್ವ ಪಡೆದ ಒಂದು ಜಾಲತಾಣದಲ್ಲಿ ಹೆಸರು, ಹುಟ್ಟಿದ ಊರು, ಉದ್ಯೋಗ ಎಲ್ಲವನ್ನೂ ಕೊಟ್ಟು ಹುಡುಕಿದೆ. ಏನೂ ಬರುವುದಿಲ್ಲ. ಊರನ್ನು ಬಿಟ್ಟು ಹುಡುಕಿದರೆ ಸಾವಿರಾರು ಹೆಸರುಗಳು ಬಂದು ಬೀಳುತ್ತವೆ. ಅವರ ಸಹಾಯವಾಣಿಗೆ ಬರೆದರೆ ‘ಹುಡುಕಾಟದ ವ್ಯಾಪ್ತಿಯನ್ನು ಬದಲಿಸಿ ನೋಡಿ’ ಎಂಬ ಒಂದೇ ಸಾಲಿನ ಉತ್ತರ. ತಾಯಿಗೆ ಎಂಬತ್ತೆಂಟು ವರ್ಷ. ಅವರಿರುವಾಗಲೇ ಈ ಕಾಗದವನ್ನು ಅವರ ಕೈಗೆ ಕೊಡಬೇಕೆಂಬ ಆಸೆ ನನ್ನದು. ತಿಳಿದವರು ಹೇಳಿ.

ಅಕ್ಷರಶೋಧ ಬರೆದದ್ದು:

ಮುತ್ತಜ್ಜನ ಹೆಸರನ್ನೇ ನೀವು ಬರೆದಿಲ್ಲ. ಊರು ಯಾವುದು, ಯಾವ ಕಂಪನಿ, ಹಡಗಿನಲ್ಲಿ ಏನು ಕೆಲಸ?

ಆದರೂ ಸಮಸ್ಯೆ ಎಲ್ಲಿದೆ ಎಂದು ನಾನು ಊಹಿಸಬಲ್ಲೆ: ಕಾಗುಣಿತ. ಹಡಗಿನ ಮಾಸ್ಟರ್, ಅಂದರೆ ಕಪ್ತಾನ, ಕಿವಿಗೆ ಕೇಳಿಸಿದಂತೆ ಬರೆದ, ನೂರು ವರ್ಷದ ನಂತರ ಕಂಪ್ಯೂಟರಿಗೆ ಏರಿಸಿದವರು ಕಣ್ಣಿಗೆ ಕಂಡಂತೆ ಬರೆದರು. ನಕ್ಷತ್ರ ಚಿಹ್ನೆ ಬಳಸಿ ಹುಡುಕಿ. ಮೊದಲ ಮೂರು ನಾಲ್ಕು ಅಕ್ಷರ ಕೊಟ್ಟು ಉಳಿದದ್ದನ್ನು ಚಿಹ್ನೆಗೆ ಬಿಡಿ.

ಕಾಳಿತೀರ ಬರೆದದ್ದು:

ನಮ್ಮದು ಸದಾಶಿವಗಡದ ಕಡೆ, ಕಾರವಾರದ ಆಚೆ ದಂಡೆ. ಮುತ್ತಜ್ಜನ ಹೆಸರು ಪೆದ್ರು, ಮನೆತನ ಫೆರ್ನಾಂಡಿಸ್. ಆಗ ಇಪ್ಪತ್ತೈದು ಇಪ್ಪತ್ತಾರರ ಪ್ರಾಯ. ಕಂಪನಿ ಪಿ ಅಂಡ್ ಒ. ನಮ್ಮ ಕಡೆಯ ಕ್ರೈಸ್ತರು ಹೋಗುತ್ತಿದ್ದದ್ದು ಅದಕ್ಕೇ, ಅದನ್ನು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡೆ. ಕೆಲಸ ಸಲೂನಿನಲ್ಲಿ, ಅಂದರೆ ಹಡಗಿನ ಪ್ರಯಾಣಿಕರ ಊಟದ ಕೋಣೆಯಲ್ಲಿ.

ನಕ್ಷತ್ರ ಚಿಹ್ನೆಯನ್ನೂ ಬಳಸಿ ನೋಡಿದ್ದೇನೆ. ಪೆಡ್ರೊ, ಪೀಟರ್, ಬರಿಯ ‘ಪಿ’, ಕೊನೆಯಲ್ಲಿ ಎಸ್, ಕೊನೆಯಲ್ಲಿ ಜ಼ೆಡ್, ಎಲ್ಲವೂ ಆಯಿತು.

ಅಕ್ಷರಶೋಧ ಬರೆದದ್ದು:

ಎಲ್ಲವೂ ಆಗಿರಲಿಕ್ಕಿಲ್ಲ. ಎಫ್ ಅಕ್ಷರವನ್ನು ಟಿ ಎಂದು ಓದಿರಬಹುದು, ಜೆ ಎಂದು ಓದಿರಬಹುದು. ಮೊದಲ ಅಕ್ಷರವನ್ನೇ ಬಿಟ್ಟು ‘ಇಆರ್‌ಎನ್‌ಎ’ ಎಂದು ನಡುವಿನ ಭಾಗ ಕೊಡಿ. ಹೆಸರು ಮತ್ತು ಮನೆತನ ಅದಲುಬದಲಾಗಿರುವುದೂ ಬಹಳ ಉಂಟು. ಪೆದ್ರುವನ್ನು ಮನೆತನದ ಜಾಗದಲ್ಲಿ ಹಾಕಿ ನೋಡಿ.

ಬಂದರುಪೇಟೆ ಬರೆದದ್ದು:

ಕಾಗುಣಿತದ ಹಿಂದೆಯೇ ಓಡಿದರೆ ವರ್ಷ ಕಳೆಯುತ್ತದೆ. ಪಿ ಅಂಡ್ ಒ ಎಂದ ಮೇಲೆ ಜಾಗ ಗೊತ್ತೇ ಇದೆಯಲ್ಲ. 1901ರಲ್ಲಿ ಅವರ ಹಡಗುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಡಾಕ್‌ಗೆ ಬರುತ್ತಿದ್ದವು. ಆ ಡಾಕ್ ತೆರೆದದ್ದು 1880ರಲ್ಲಿ. ಹೆಸರಿನಿಂದ ಹುಡುಕುವುದನ್ನು ನಿಲ್ಲಿಸಿ, ವೆಸ್ಟ್ ಹ್ಯಾಮ್ ಮತ್ತು ವುಲಿಚ್ ಜಿಲ್ಲೆಗಳ ಪುಟಗಳನ್ನು ಒಂದೊಂದಾಗಿ ತಿರುವಿ ಹಾಕಿ. ಹಡಗುಗಳ ನಮೂನೆಗಳನ್ನು ಸಾಮಾನ್ಯವಾಗಿ ಆಯಾ ಜಿಲ್ಲೆಯ ಕೊನೆಯಲ್ಲಿ ಸೇರಿಸಿರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1901ರ ಕಡತಗಳ ಸಂಕೇತ ಆರ್‌ಜಿ 13. ಮನೆಗಳ ಪುಟಗಳನ್ನು ದಾಟಿಕೊಂಡು ನೇರವಾಗಿ ಕೊನೆಗೆ ಹೋಗಿ.

ಲಂಡನ್ನಿನ ಲೈಮ್‌ಹೌಸಿನಲ್ಲಿ ಏಷ್ಯಾದವರಿಗೆಂದೇ 1857ರಲ್ಲಿ ತೆರೆದ ಸ್ಟ್ರೇಂಜರ್ಸ್ ಹೋಮ್ ಎಂಬ ವಸತಿಗೃಹ ಇತ್ತು, ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ. ಅದನ್ನೂ ಬಿಡಬೇಡಿ. ನನಗಂತೂ ಅಲ್ಲೇ ಸಿಗುತ್ತಾರೆ ಎನ್ನಿಸುತ್ತದೆ.

ಹಳೆಕಡತ ಬರೆದದ್ದು:

ಸ್ಟ್ರೇಂಜರ್ಸ್ ಹೋಮಿನಲ್ಲಿ ಇರುತ್ತಿದ್ದವರು ಹೆಚ್ಚಾಗಿ ಹಡಗು ತಪ್ಪಿದವರು, ಕೆಲಸ ಬಿಟ್ಟವರು, ಮುಂದಿನ ಹಡಗಿಗೆ ಕಾಯುತ್ತಿದ್ದವರು. ಮುಂಬೈಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಬಂದ ಸಲೂನಿನ ಆಳು ಬಂದರಿನಲ್ಲಿದ್ದಾಗಲೂ ಮಲಗುತ್ತಿದ್ದದ್ದು ಹಡಗಿನಲ್ಲಿಯೇ. ಏಷ್ಯಾದ ನಾವಿಕರ ಒಪ್ಪಂದದ ರೀತಿಯೇ ಹಾಗೆ: ಅವರನ್ನು ಹಿಂದಿರುಗಿ ಭಾರತಕ್ಕೆ ಮುಟ್ಟಿಸಬೇಕು.

ಕಾಳಿತೀರ ಅವರೇ, ಉದ್ಯೋಗದ ಜಾಗದಲ್ಲಿ ನೀವು ಏನು ಹಾಕಿ ಹುಡುಕಿದಿರಿ?

ಕಾಳಿತೀರ ಬರೆದದ್ದು:

ನಾವಿಕ ಎಂದೇ. ಹಡಗಿನಲ್ಲಿದ್ದವರು ನಾವಿಕರಲ್ಲದೆ ಮತ್ತೇನು? ವೆಸ್ಟ್ ಹ್ಯಾಮ್ ನೋಡಿದೆ, ವುಲಿಚ್ ನೋಡಿದೆ. ಫೆರ್ನಾಂಡಿಸ್ ಎಂಬುವರು ಸಿಕ್ಕರು, ಡಿಸೋಜರು ಸಿಕ್ಕರು. ನಮ್ಮ ಪೆದ್ರು ಇಲ್ಲ. ಹುಟ್ಟಿದ ಊರು ಕಾರವಾರ ಎಂದು ಒಬ್ಬರದ್ದೂ ಇಲ್ಲ.

ಹಳೆಕಡತ ಬರೆದದ್ದು:

ಅಲ್ಲಿಯೇ ಎರಡು ತೊಡಕುಗಳಿವೆ. ಸಲೂನಿನ ಆಳುಗಳನ್ನು ಹಡಗಿನ ಕಾಗದಗಳಲ್ಲಿ ‘ಜನರಲ್ ಸರ್ವೆಂಟ್’ ಎಂದು ಬರೆಯುವ ರೂಢಿ ಇತ್ತು. ಜನಗಣತಿಗೂ ಅದೇ ಹೋಯಿತು. ಈಗ ನೀವು ನಾವಿಕ ಎಂದು ಹುಡುಕಿದರೆ ಯಂತ್ರ ಅವರನ್ನು ಮನೆಗೆಲಸದವರ ಗುಂಪಿಗೆ ಸೇರಿಸಿ ಬದಿಗಿಡುತ್ತದೆ.

ಎರಡನೆಯದು ಊರು. ನಾನು ನೋಡಿದ ಒಂದು ಹಡಗಿನ ಪಟ್ಟಿಯನ್ನು ಹೇಳುತ್ತೇನೆ. ಸಲೂನಿನವರಲ್ಲಿ ಮೊದಲ ಸಾಲು ಬಟ್ಲರನದು. ಅವನ ಹುಟ್ಟೂರಿನ ಜಾಗದಲ್ಲಿ ದಪ್ಪ ಶಾಯಿಯಲ್ಲಿ ‘ಗೋವಾ’ ಎಂದಿದೆ. ಅವನ ಕೆಳಗೆ ಪಿಂಗಾಣಿ ಪಾತ್ರೆ ನೋಡಿಕೊಳ್ಳುವ ಪ್ಯಾಂಟ್ರಿಯವನು, ಬೇಕರ್, ಸಾಲಾಗಿ ಜನರಲ್ ಸರ್ವೆಂಟರು. ಎಲ್ಲರ ಊರಿನ ಜಾಗದಲ್ಲಿಯೂ ‘ಡಿಒ’ ಎಂಬ ಎರಡೇ ಅಕ್ಷರ, ಅಂದರೆ ಮೇಲಿನಂತೆಯೇ. ಕೆಳಗೆ ಹೋದಂತೆ ಅದೂ ಸವೆದು ಬರಿಯ ಗೀರಾಗುತ್ತದೆ. ಬಟ್ಲರ್ ಗೋವಾದವನಾದರೆ ಪಟ್ಟಿಯಲ್ಲಿ ಕೊನೆಯ ಹುಡುಗನವರೆಗೆ ಎಲ್ಲರೂ ಗೋವಾದವರು. ಒಬ್ಬೊಬ್ಬರನ್ನೂ ನಿಲ್ಲಿಸಿ ನಿನ್ನ ಊರು ಯಾವುದೆಂದು ಮಾಸ್ಟರ್ ಕೇಳಿದ ಹಾಗೆ ಆ ಪಟ್ಟಿ ಕಾಣುವುದಿಲ್ಲ. ಹಾಗಾಗಿ ಕಾರವಾರವನ್ನು ಹುಡುಕಬೇಡಿ. ಗೋವಾ ಎಂದು ಹಾಕಿ, ಬಾಂಬೆ ಎಂದು ಹಾಕಿ, ಈಸ್ಟ್ ಇಂಡೀಸ್ ಎಂದು ಹಾಕಿ, ಖಾಲಿಯಾಗಿಯೂ ಬಿಟ್ಟು ನೋಡಿ.

ಅಕ್ಷರಶೋಧ ಬರೆದದ್ದು:

ಹಾಗಾದರೆ ಕಾಗುಣಿತವೇ ಎಂದು ನಾನು ಹೇಳಿದ್ದಕ್ಕೂ ನೀವು ಹೇಳಿದ್ದಕ್ಕೂ ಏನು ವ್ಯತ್ಯಾಸ? ಬರೆದವನು ಬರೆದದ್ದು ಸರಿಯಿಲ್ಲ ಎಂದೇ ಅಲ್ಲವೇ? ಫೆರ್ನಾಂಡಿಸ್ ಎಂಬುದನ್ನು ಹದಿನೈದು ರೀತಿಯಲ್ಲಿ ಬರೆದಿರುವ ಪಟ್ಟಿ ನನ್ನ ಬಳಿ ಇದೆ, ಬೇಕಾದವರಿಗೆ ಕಳುಹಿಸುತ್ತೇನೆ.

ಗಂಗೊಳ್ಳಿ ಮಂಜಿ ಬರೆದದ್ದು:

ಒಂದು ಮಾತು ಕೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಸಮುದ್ರಯಾನದ ಹಿರಿಯರು ಎಂದು ಈ ವಿಭಾಗದ ಹೆಸರು. ಹಾಯಿ ಬಿಚ್ಚಿದವರು, ಚುಕ್ಕಾಣಿ ಹಿಡಿದವರು, ಮಂಗಳೂರು ಹೆಂಚು ತುಂಬಿಕೊಂಡು ಮಂಜಿಯಲ್ಲಿ ಮುಂಬೈಗೆ ಹೋದವರು ನಮ್ಮ ಮನೆತನದಲ್ಲಿ ತಲೆಮಾರುಗಟ್ಟಲೆ ಇದ್ದಾರೆ. ಅವರ ಒಬ್ಬರ ಹೆಸರೂ ಯಾವ ಜನಗಣತಿಯಲ್ಲಿಯೂ ಸಿಗುವುದಿಲ್ಲ. ತಟ್ಟೆ ಬಡಿಸಿದವರ ಹೆಸರು ಲಂಡನ್ನಿನಲ್ಲಿ ಸಿಗುತ್ತದೆ. ನಾವಿಕ ಎಂಬ ಹೆಸರಿಗೆ ಯಾರು ಅರ್ಹರು?

ಬಂದರುಪೇಟೆ ಬರೆದದ್ದು:

ಬೇಸರ ಆಗಿಯೇ ಆಗುತ್ತದೆ. ಹಡಗು ಮುಳುಗುವಾಗ ಸಮುದ್ರ ಚುಕ್ಕಾಣಿಯವನು ಯಾರು, ತಟ್ಟೆಯವನು ಯಾರು ಎಂದು ಕೇಳುವುದಿಲ್ಲ. ಮುಂಬೈಯ ಇಂಡಿಯನ್ ಸೈಲರ್ಸ್ ಹೋಮಿನಲ್ಲಿ ಮೊದಲ ಮಹಾಯುದ್ಧದ ಸ್ಮಾರಕವಿದೆ. ಸಮುದ್ರವೇ ಸಮಾಧಿಯಾದ 2,000ಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಆ ಹೆಸರುಗಳನ್ನು ತೆರೆದು ಓದಿ. ಸಾರಂಗರು (ನಾವಿಕರ ಮುಖ್ಯಸ್ಥರು), ಟಿಂಡಲರು (ಅವರ ಸಹಾಯಕರು), ಕಲ್ಲಿದ್ದಲು ಸುರಿದವರು, ಭಂಡಾರಿಗಳು (ಅಡಿಗೆಯವರು), ಸಲೂನಿನ ಆಳುಗಳು, ಎಲ್ಲರೂ ಒಟ್ಟಿಗಿದ್ದಾರೆ. ಮಂಜಿ ನಡೆಸಿದ ನಿಮ್ಮ ತಂಡೇಲರ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಪೆದ್ರು ಅವರನ್ನು ಪಂಕ್ತಿಯಿಂದ ಎಬ್ಬಿಸಬೇಡಿ.

ಗಂಗೊಳ್ಳಿ ಮಂಜಿ ಬರೆದದ್ದು:

ನಾನು ಯಾರನ್ನೂ ಎಬ್ಬಿಸಲಿಲ್ಲ. ನಮ್ಮವರ ಹೆಸರು ಎಲ್ಲಿದೆ ಎಂದು ಕೇಳಿದೆ, ಅಷ್ಟೇ. ಕಾರವಾರದ ಕಚೇರಿಯಲ್ಲಿ 1881, 1891ರ ಜನಗಣತಿಯ ಮನೆವಾರು ಪುಸ್ತಕಗಳಿವೆ ಎಂದು ಹಿರಿಯರೊಬ್ಬರು ಹೇಳಿದ್ದರು. ಅಲ್ಲಿಗೆ ಅರ್ಜಿ ಹಾಕಿದರೆ ಕಾಳಿತೀರ ಅವರ ಕೆಲಸವೂ ಆಗುತ್ತದೆ. ವಿಲಾಯತಿಗೆ ಹೋಗಬೇಕಾಗಿಯೇ ಇಲ್ಲ.

ಹಳೆಕಡತ ಬರೆದದ್ದು:

ಈ ಮಾತನ್ನು ನಂಬಿಕೊಂಡು ಎಷ್ಟೋ ಜನ ಅಲೆದಿದ್ದಾರೆ, ಆದ್ದರಿಂದ ಖಂಡಿತವಾಗಿ ಹೇಳುತ್ತೇನೆ. ಬ್ರಿಟಿಷ್ ಭಾರತದ ಜನಗಣತಿಯಲ್ಲಿ ಎಣಿಕೆದಾರರು ಮನೆಮನೆಗೆ ಹೋಗಿ ತುಂಬಿದ ಚೀಟಿಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳುತ್ತಿರಲಿಲ್ಲ. ಉಳಿದದ್ದು ಅಚ್ಚಾದ ಕೋಷ್ಟಕಗಳು: ಜಾತಿವಾರು, ಉದ್ಯೋಗವಾರು, ತಾಲ್ಲೂಕುವಾರು ಸಂಖ್ಯೆಗಳು. ಆಗ ಕಾರವಾರ ಮುಂಬೈ ಪ್ರಾಂತ್ಯದಲ್ಲಿತ್ತು, ಗಂಗೊಳ್ಳಿ ಮದ್ರಾಸ್ ಪ್ರಾಂತ್ಯದಲ್ಲಿ. ಕೆನರಾ ಎರಡಾಗಿ, 1862ರಲ್ಲಿ ಉತ್ತರ ಕೆನರಾ ಮುಂಬೈಗೆ ಸೇರಿದ ಮೇಲಿನ ವ್ಯವಸ್ಥೆ. ಹಾಗಾಗಿ ಎರಡು ಕಡೆಯ ಸಂಪುಟಗಳಲ್ಲಿ ದೋಣಿಯವರ ಸಂಖ್ಯೆ ಸಿಗುತ್ತದೆ, ಯಾರ ಹೆಸರೂ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಹೆಸರಿನ ಪುಟಗಳನ್ನೇ ಉಳಿಸಿ ನೂರು ವರ್ಷದ ಮೇಲೆ ತೆರೆಯುತ್ತಾರೆ. ಅಲ್ಲಿಯೂ ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರದ್ದು 1942ರ ಬೆಂಕಿಯಲ್ಲಿ ಹೋಯಿತು. ನಮ್ಮ ಕರಾವಳಿಯವರ ಹೆಸರು ಪರದೇಶದ ಬಂದರಿನ ಕಾಗದದಲ್ಲಿ ಸಿಕ್ಕು ಅವರದೇ ಊರಿನಲ್ಲಿ ಸಿಗದಿರುವುದು ನನಗೂ ನೋವಿನ ವಿಷಯ.

ಗಂಗೊಳ್ಳಿ ಮಂಜಿ ಬರೆದದ್ದು:

ಹಿರಿಯರು ಸುಳ್ಳು ಹೇಳಲಿಕ್ಕಿಲ್ಲ. ನಾನು ಹೋಗಿ ವಿಚಾರಿಸಿಯೇ ತೀರುತ್ತೇನೆ.

ಅಕ್ಷರಶೋಧ ಬರೆದದ್ದು:

ಇನ್ನೊಂದು ದಿಕ್ಕು. ಭಾರತದ ಜನಗಣತಿ ನಡೆದದ್ದು 1901ರ ಮಾರ್ಚ್ 1ರಂದು, ಅಲ್ಲಿನದು ಮಾರ್ಚ್ 31ರಂದು. ಸುಯೆಜ್ ಮಾರ್ಗವಾಗಿ ಮೂರು ನಾಲ್ಕು ವಾರದ ಪ್ರಯಾಣ. ಮಾರ್ಚ್ ತಿಂಗಳಿಡೀ ಅವರು ನಡುನೀರಿನಲ್ಲಿ ಇದ್ದಿರಲೂಬಹುದು. ‘ರಾಣಿ ತೀರಿಕೊಂಡ ವರ್ಷ’ ಎಂದರೆ ಹನ್ನೆರಡು ತಿಂಗಳು. ಜನಗಣತಿಯ ರಾತ್ರಿ ಒಂದೇ. ಆ ರಾತ್ರಿ ಅವರು ಬ್ರಿಟನ್ನಿನ ಬಂದರಿನಲ್ಲಿದ್ದರು ಎನ್ನಲು ನಿಮ್ಮ ಬಳಿ ಏನು ಆಧಾರವಿದೆ?

ಕಾಳಿತೀರ ಬರೆದದ್ದು:

ಆಧಾರ ಇಲ್ಲದೆ ಇಷ್ಟು ಒದ್ದಾಡುತ್ತಿದ್ದೇನೆಯೇ? ಫೋಟೊ ಇದೆಯಲ್ಲ. ಅಲ್ಲಿ ತೆಗೆಸಿದ ಫೋಟೊ. ಹಿಂದೆ ಪೆನ್ಸಿಲಿನಲ್ಲಿ ರೋಮನ್ ಲಿಪಿಯ ಕೊಂಕಣಿಯಲ್ಲಿ ಈಸ್ಟರ್ ಹಬ್ಬದ ಶುಭಾಶಯ ಬರೆದು 1901 ಎಂದು ಹಾಕಿದ್ದಾರೆ. ಆ ವರ್ಷದ ಈಸ್ಟರ್ ಏಪ್ರಿಲ್ 7ರಂದು ಬಂದಿತ್ತು. ಜನಗಣತಿಯ ಮುಂದಿನ ಭಾನುವಾರ.

ಬಂದರುಪೇಟೆ ಬರೆದದ್ದು:

ಫೋಟೊ ಇದೆಯೆಂದು ಈಗ ಹೇಳುತ್ತಿದ್ದೀರಾ! ಆ ಕಾಲದ ಫೋಟೊಗಳನ್ನು ದಪ್ಪ ರಟ್ಟಿನ ಮೇಲೆ ಅಂಟಿಸಿರುತ್ತಾರೆ. ಸ್ಟುಡಿಯೊದ ಹೆಸರು ಕೆಳಗಡೆ ಇರಬೇಕು. ಏನಿದೆ ನೋಡಿ ಹೇಳಿ.

ಕಾಳಿತೀರ ಬರೆದದ್ದು:

ಚಿನ್ನದ ಅಕ್ಷರಗಳಿದ್ದವಂತೆ, ಎಲ್ಲ ಸವೆದುಹೋಗಿವೆ. ಸ್ಕ್ಯಾನ್ ಮಾಡಿದರೆ ಬರಿಯ ಕಂದು ಬಣ್ಣ ಕಾಣುತ್ತದೆ.

ಅಕ್ಷರಶೋಧ ಬರೆದದ್ದು:

ಯಾವ ಸ್ಕ್ಯಾನರ್? ನನ್ನ ಬಳಿ ಎಪ್ಸನ್ ವಿ600 ಇದೆ. 1200 ಡಿಪಿಐಯಲ್ಲಿ ತೆಗೆದು ನೀಲಿ ಬಣ್ಣದ ಪದರವನ್ನು ಮಾತ್ರ ಉಳಿಸಿಕೊಂಡರೆ ಮಾಸಿದ ಶಾಯಿ ಎದ್ದು ಕಾಣುತ್ತದೆ. ಎಲ್ಲ ಚಿತ್ರಗಳನ್ನೂ ಟಿಫ್ ಮಾದರಿಯಲ್ಲಿ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇಟ್ಟಿದ್ದೇನೆ. ವಂಶವೃಕ್ಷಕ್ಕೆ ಗ್ರ್ಯಾಂಪ್ಸ್ ತಂತ್ರಾಂಶ. ಒಂಬತ್ತು ತಲೆಮಾರಿನ ಹೆಸರುಗಳನ್ನು ಏರಿಸಿದ್ದೇನೆ, ಪ್ರತಿಯೊಂದಕ್ಕೂ ಆಧಾರದ ಚಿತ್ರ ಲಗತ್ತಿಸಿದ್ದೇನೆ.

ಬಂದರುಪೇಟೆ ಬರೆದದ್ದು:

ಉಬ್ಬು ಅಕ್ಷರಕ್ಕೆ ಸ್ಕ್ಯಾನರ್ ಉಪಯೋಗವಿಲ್ಲ, ಅದರ ಬೆಳಕು ನೇರವಾಗಿ ಬೀಳುತ್ತದೆ. ನಾನು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಎಲ್‌ಇಡಿ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬಿಡುತ್ತೇನೆ. ದೇವಸ್ಥಾನದ ತಾಮ್ರಪಟವನ್ನೂ ಹೀಗೆಯೇ ಓದಿಕೊಟ್ಟಿದ್ದೇನೆ. ಕತ್ತಲೆ ಕೋಣೆಯಲ್ಲಿ ಮಾಡಿ, ದೀಪವನ್ನು ನಿಧಾನವಾಗಿ ಸುತ್ತ ತಿರುಗಿಸಿ.

ನಿರ್ವಾಹಕ ಬರೆದದ್ದು:

ಸ್ಕ್ಯಾನರ್ ಮತ್ತು ದೀಪಗಳ ಚರ್ಚೆಗೆ ಪ್ರತ್ಯೇಕ ವಿಭಾಗವಿದೆ. ಇಲ್ಲಿ ವಿಷಯಕ್ಕೆ ಅಂಟಿಕೊಳ್ಳಲು ಕೋರಿಕೆ.

ಕಾಳಿತೀರ ಬರೆದದ್ದು:

ದೀಪವನ್ನು ಪಕ್ಕದಿಂದ ಬಿಟ್ಟು ನೋಡಿದೆ. ಅಕ್ಷರಗಳು ಒತ್ತಿದ ಗುರುತು ರಟ್ಟಿನಲ್ಲಿ ಹಾಗೆಯೇ ಉಳಿದಿದೆ! ಎಡಗಡೆ ಸ್ಟುಡಿಯೊದ ಹೆಸರು ಹರಿದುಹೋಗಿದೆ. ಬಲಗಡೆ ಎಸ್, ಎ, ಯು, ಸಿ, ಎಚ್ ಇವೆ. ಆಮೇಲೆ ಸವೆದಿದೆ. ಕೊನೆಯಲ್ಲಿ ‘ಸ್ಟ್ರೀಟ್’. ಲಂಡನ್ನಿನ ಬೀದಿಗಳ ಪಟ್ಟಿಯಲ್ಲಿ ಈ ಹೆಸರು ಸಿಗುತ್ತಿಲ್ಲ.

ಎಡಿನ್‌ಬರೋ ಕನ್ನಡತಿ ಬರೆದದ್ದು:

ಇಷ್ಟು ದಿನ ಓದುತ್ತ ಸುಮ್ಮನಿದ್ದೆ, ಈಗ ಬರೆಯದೆ ಇರಲಾರೆ. ಅದು ಸಾಕಿಹಾಲ್ ಸ್ಟ್ರೀಟ್. ಲಂಡನ್ನಿನಲ್ಲಿ ಅಲ್ಲ, ಗ್ಲಾಸ್ಗೋ ನಗರದಲ್ಲಿ. ಆ ಬೀದಿಯಲ್ಲಿ ಆಗ ಫೋಟೊ ಸ್ಟುಡಿಯೊಗಳು ಬಹಳ ಇದ್ದವು.

ನೀವೆಲ್ಲ ಹುಡುಕುತ್ತಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಪುಸ್ತಕಗಳಲ್ಲಿ. ಸ್ಕಾಟ್ಲೆಂಡಿನ ಜನಗಣತಿ ಅದೇ ರಾತ್ರಿ ನಡೆದರೂ ಅದರ ಆಡಳಿತ ಬೇರೆ, ಕಡತ ಬೇರೆ. ಆರ್‌ಜಿ 13ರಲ್ಲಿ ಗ್ಲಾಸ್ಗೋದ ಒಂದು ಪುಟವೂ ಇಲ್ಲ. ಮೂಲ ಪುಟಗಳ ಚಿತ್ರ ಬೇಕಾದರೆ ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಇಲ್ಲಿನ ಸರಕಾರಿ ಜಾಲತಾಣದಲ್ಲಿ ಕ್ರೆಡಿಟ್ ಖರೀದಿಸಿ ನೋಡಬೇಕು. ಮುಂಬೈಯಿಂದ ಗ್ಲಾಸ್ಗೋಗೆ ಬರುತ್ತಿದ್ದವು ಪಿ ಅಂಡ್ ಒ ಹಡಗುಗಳಲ್ಲ. ಕ್ಲಾನ್ ಲೈನ್, ಆ್ಯಂಕರ್ ಲೈನ್, ಸಿಟಿ ಲೈನ್ ಇವೆಲ್ಲ ಗ್ಲಾಸ್ಗೋದ ಕಂಪನಿಗಳು, ಭಾರತದ ನಾವಿಕರನ್ನು ಇಟ್ಟುಕೊಂಡಿದ್ದವು. ಕ್ವೀನ್ಸ್ ಡಾಕ್, ಪ್ರಿನ್ಸಸ್ ಡಾಕ್ ಎರಡನ್ನೂ ನೋಡಬೇಕು. ಬರುವ ವಾರ ನನ್ನ ಕೆಲಸದ ನಡುವೆ ಇಲ್ಲಿನ ದಾಖಲೆಗಳ ಕಚೇರಿಯಾದ ಜನರಲ್ ರಿಜಿಸ್ಟರ್ ಹೌಸಿಗೆ ಹೋಗುತ್ತೇನೆ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬಂದರುಪೇಟೆ ಬರೆದದ್ದು:

ರಜೆ ಹಾಕಿ ಲಂಡನ್ನಿನಿಂದ ರೈಲಿನಲ್ಲಿ ಹೋಗಿ ತೆಗೆಸಿರಬಹುದಲ್ಲ? ಆಲ್ಬರ್ಟ್ ಡಾಕನ್ನು ನಾನು ಇನ್ನೂ ಬಿಟ್ಟುಕೊಡುವುದಿಲ್ಲ.

ಹಳೆಕಡತ ಬರೆದದ್ದು:

ಒಪ್ಪಂದದ ಮೇಲಿದ್ದ ಸಲೂನಿನ ಆಳಿಗೆ ಲಂಡನ್ನಿನಿಂದ ಗ್ಲಾಸ್ಗೋಗೆ ರೈಲಿನಲ್ಲಿ ಹೋಗಿ ಬರುವಷ್ಟು ರಜೆಯೂ ಇಲ್ಲ, ಸಂಬಳವೂ ಇಲ್ಲ. ಕ್ಲೈಡ್ ನದಿಯ ಡಾಕಿನಿಂದ ಆ ಬೀದಿಗೆ ನಡೆದೇ ಹೋಗಬಹುದು.

ಎಡಿನ್‌ಬರೋ ಕನ್ನಡತಿ ಬರೆದದ್ದು:

ಹೋಗಿ ಬಂದೆ. ಗ್ಲಾಸ್ಗೋದಲ್ಲಿ ನಿಂತಿದ್ದ ಒಂದು ಸ್ಟೀಮರಿನ ಪಟ್ಟಿಯಲ್ಲಿ ಹಳೆಕಡತ ಅವರು ಹೇಳಿದಂತೆಯೇ ಬಟ್ಲರಿನ ಮುಂದೆ ಗೋವಾ, ಕೆಳಗೆಲ್ಲ ‘ಡಿಒ’. ಆದರೆ ಪೆಡ್ರೊ ಫೆರ್ನಾಂಡಿಸ್ ಇಬ್ಬರಿದ್ದಾರೆ! ಒಬ್ಬರಿಗೆ 24, ಜನರಲ್ ಸರ್ವೆಂಟ್. ಇನ್ನೊಬ್ಬರಿಗೆ 30, ಪ್ಯಾಂಟ್ರಿಯವರು. ಇಬ್ಬರಿಗೂ ಮದುವೆಯಾಗಿದೆ ಎಂದಿದೆ. ಪುಟದ ಚಿತ್ರವನ್ನು ಇಲ್ಲಿ ಹಾಕುವ ಅನುಮತಿ ಇಲ್ಲ. ಹಡಗಿನ ಹೆಸರು, ಪುಟಸಂಖ್ಯೆ ಎಲ್ಲವನ್ನೂ ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ.

ಕಾಳಿತೀರ ಬರೆದದ್ದು:

ನಿಮಗೆ ಹೇಗೆ ಕೃತಜ್ಞತೆ ಹೇಳಲಿ! ಅಮ್ಮನಿಗೆ ಓದಿ ಹೇಳಿದೆ. ‘ಪ್ಯಾಂಟ್ರಿಯವರೇ ಇರಬೇಕು, ಅಪ್ಪನ ಮನೆಯಲ್ಲಿ ಪಿಂಗಾಣಿ ಬಟ್ಟಲುಗಳಿದ್ದವು’ ಎನ್ನುತ್ತಾರೆ. ನನಗೆ ವಯಸ್ಸಿನ ಲೆಕ್ಕದಲ್ಲಿ ಚಿಕ್ಕವರೇ ಎನ್ನಿಸುತ್ತದೆ. ಇಬ್ಬರಲ್ಲಿ ಯಾರು ಎಂದು ತೀರ್ಮಾನಿಸುವುದು ಹೇಗೆ? ಇಷ್ಟು ಹತ್ತಿರ ಬಂದು ನಿಲ್ಲಬೇಕೇ?

ಹಳೆಕಡತ ಬರೆದದ್ದು:

ಜನಗಣತಿಯ ಕೆಲಸ ಇಲ್ಲಿಗೆ ಮುಗಿಯಿತು, ಇನ್ನು ಹಡಗಿನ ಒಪ್ಪಂದ ಪತ್ರ ಹುಡುಕಬೇಕು. ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೂ ಒಂದು ಅಧಿಕೃತ ಸಂಖ್ಯೆ ಇರುತ್ತದೆ. ಹಡಗಿನ ಹೆಸರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಉಚಿತ ತಾಣದಲ್ಲಿ ಹಡಗಿನ ಹೆಸರು ಕೊಟ್ಟರೆ ಸಂಖ್ಯೆ ಸಿಗುತ್ತದೆ. 1863ರಿಂದ 1938ರವರೆಗಿನ ಇಂಥ ಒಪ್ಪಂದ ಪತ್ರ, ನಾವಿಕರ ಪಟ್ಟಿಗಳಲ್ಲಿ ಸುಮಾರು 70 ಶೇಕಡಾ ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿವೆ, ಸೇಂಟ್ ಜಾನ್ಸ್ ನಗರದ ಮೆಮೋರಿಯಲ್ ವಿಶ್ವವಿದ್ಯಾಲಯದ ಕಡಲ ಇತಿಹಾಸ ಸಂಗ್ರಹದಲ್ಲಿ. 10 ಶೇಕಡಾ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಳ ಸಂಗ್ರಹದಲ್ಲಿ. 5ರಿಂದ ಕೊನೆಗೊಳ್ಳುವ ವರ್ಷಗಳ ಉಳಿದ ಪಟ್ಟಿಗಳು ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿ. ನಿಮ್ಮದು 1901, ಆದ್ದರಿಂದ ಅಲ್ಲಿ ಬೇಡ. ಮೊದಲು ಸೇಂಟ್ ಜಾನ್ಸ್‌ಗೆ ಅಧಿಕೃತ ಸಂಖ್ಯೆ ಮತ್ತು ವರ್ಷ ಹಾಕಿ ಬರೆಯಿರಿ.

ಒಂದು ಎಚ್ಚರ: ಭಾರತದ ನಾವಿಕರ ಹೆಸರುಗಳಿದ್ದ ಹಾಳೆ ಎಷ್ಟೋ ಹಡಗುಗಳ ಕಡತದಲ್ಲಿ ಉಳಿದಿಲ್ಲ. ಉಳಿದಿದ್ದರೆ ಹಿಂದಿನ ಹಡಗು, ಸಂಬಳ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಸಿಗುತ್ತದೆ. ನಿಮ್ಮ ಫೋಟೊದ ಹಿಂದಿನ ಬರವಣಿಗೆ ಮುತ್ತಜ್ಜನದೇ ಆದರೆ ಆ ಸಹಿಯೊಂದಿಗೆ ಹೋಲಿಸಿ ನೋಡಬಹುದು.

ಅಕ್ಷರಶೋಧ ಬರೆದದ್ದು:

ಸ್ಕಾಟ್ಲೆಂಡಿನ ಪಟ್ಟಿಯಲ್ಲಿ ಫೆರ್ನಾಂಡಿಸ್ ಎಂಬುದನ್ನು ಯಾವ ಕಾಗುಣಿತದಲ್ಲಿ ಬರೆದಿದ್ದಾರೆ? ನನ್ನ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಗಂಗೊಳ್ಳಿ ಮಂಜಿ ಬರೆದದ್ದು:

ನಮ್ಮ ಮಂಜಿಗಳಿಗೂ ಹೀಗೆ ಅಧಿಕೃತ ಸಂಖ್ಯೆ ಇತ್ತೇ? ಮುಂಬೈ ಬಂದರಿನಲ್ಲಿ ಸರಕು ಇಳಿಸುವಾಗ ತಂಡೇಲರ ಹೆಸರನ್ನು ಬರೆದುಕೊಳ್ಳುತ್ತಿದ್ದರೇ? ತಿಳಿದವರು ಹೇಳಿದರೆ ದೊಡ್ಡ ಉಪಕಾರ.

ನಿರ್ವಾಹಕ ಬರೆದದ್ದು:

ಗಂಗೊಳ್ಳಿ ಮಂಜಿ ಅವರ ಪ್ರಶ್ನೆಯನ್ನು ‘ಕರಾವಳಿಯ ಹಾಯಿಹಡಗುಗಳು’ ಎಂಬ ಹೊಸ ಚರ್ಚೆಯಾಗಿ ಬೇರ್ಪಡಿಸಲಾಗಿದೆ. ಉತ್ತರಗಳನ್ನು ಅಲ್ಲಿ ಬರೆಯಿರಿ.

ಕಾಳಿತೀರ ಬರೆದದ್ದು:

ಸೇಂಟ್ ಜಾನ್ಸ್‌ಗೆ ಬರೆದಿದ್ದೇನೆ, ಉತ್ತರಕ್ಕೆ ಕಾಯಬೇಕು. ಅಲ್ಲಿಯವರೆಗೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಿಂದ ಮುತ್ತಜ್ಜನ ವಯಸ್ಸನ್ನು ಖಚಿತಪಡಿಸಿಕೊಳ್ಳಬೇಕೆಂದಿದ್ದೇನೆ. ಕಾರವಾರ ಧರ್ಮಪ್ರಾಂತ್ಯವಾದದ್ದು 1976ರಲ್ಲಿ, ಅದಕ್ಕೆ ಮೊದಲು ಬೆಳಗಾವಿ, 1953ಕ್ಕೆ ಮೊದಲು ಗೋವಾ. 1870ರ ದಶಕದ ಪುಸ್ತಕ ಈಗ ಈ ಮೂರರಲ್ಲಿ ಎಲ್ಲಿರಬಹುದು? ಒಂದು ಇಗರ್ಜಿಯ ಕಚೇರಿಯಲ್ಲಿ ‘ಅಷ್ಟು ಹಳೆಯದು ನಮ್ಮಲ್ಲಿಲ್ಲ’ ಎಂದು ಕಪಾಟನ್ನೂ ತೆರೆಯದೆ ಕಳುಹಿಸಿದರು. ಪೋರ್ಚುಗೀಸ್ ಕೈಬರಹ ಓದಬಲ್ಲವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿಳಿಸಿ.